ಇಕುಯೊ ಬಚ್ಚಲು ಒಡೆದದ್ದು

ಶಿಬಾತ ಮನೆಯ ಇಕುಯೊಗೆ ಸಿಟ್ಟೇ ಬರುವುದಿಲ್ಲ ಎಂದು ಕಸಹಾರಾದ ಆ ಕೇರಿಯವರೆಲ್ಲ ನಂಬಿದ್ದರು. ಗಂಡ ಕೂಗಾಡಿದರೂ ಅವಳು ಎದುರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅತ್ತೆ ಕಿನು ನಾಲ್ಕು ಜನರ ಎದುರಿಗೆ ಚುಚ್ಚಿದರೂ ಇಕುಯೊ ತಲೆ ತಗ್ಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಒಳಗೆ ಹೋಗಿ ಏನು ಮಾಡುತ್ತಿದ್ದಳು ಎಂಬುದು ಮಾತ್ರ ಹೊರಗಿನವರಿಗೆ ಗೊತ್ತಿರಲಿಲ್ಲ. ಅವಳು ಬಚ್ಚಲು ಉಜ್ಜುತ್ತಿದ್ದಳು. ಮಂಡಿಯೂರಿ ಕೂತು, ಹಲ್ಲುಜ್ಜುವ ಹಳೆ ಬ್ರಷ್ಷು ಹಿಡಿದು, ಟೈಲು ಟೈಲಿನ ನಡುವಿನ ಗಾರೆಯ ಗೆರೆಯಲ್ಲಿ ಕಪ್ಪಗೆ ಕೂತ ಬೂಷ್ಟನ್ನು ಗಂಡನ ಮುಖವೆಂದೋ ಅತ್ತೆಯ ಮುಖವೆಂದೋ ತಿಳಿದು ಕೆರೆಯುತ್ತಿದ್ದಳು. ಶಿಬಾತರ ಬಚ್ಚಲು ಕೇರಿಯಲ್ಲೇ ಚೊಕ್ಕಟವಾಗಿತ್ತು. ಅದರ ಹೊಗಳಿಕೆ ಕುನಿಮಸನಿಗೆ, ಎಂದರೆ ಅವಳ ಗಂಡನಿಗೆ, ಸಲ್ಲುತ್ತಿತ್ತು. ಏಕೆಂದರೆ ಅವನು ಟೈಲು ಕಂಪನಿಯ ಮಾರಾಟದ ಕೆಲಸದಲ್ಲಿದ್ದವನು.

ಕಸಹಾರಾ ಎಂದರೆ ಟೈಲಿನ ಊರು. ಗುಡ್ಡದ ಬುಡದಲ್ಲಿ ಟೈಲು ಸುಡುವ ಗೂಡುಗಳು, ರಸ್ತೆಯ ಅಂಚಿನಲ್ಲಿ ಒಡೆದ ಟೈಲಿನ ಗುಡ್ಡೆಗಳು, ಮನೆಮನೆಯ ಹೆಂಗಸರ ಬೆರಳ ತುದಿಯಲ್ಲಿ ಒಣಗಿದ ಅಂಟು. ಉಗುರಿನಷ್ಟು ಚಿಕ್ಕ ಟೈಲುಗಳನ್ನು ಸಾಲಾಗಿ ಜೋಡಿಸಿ ಹಾಳೆಗೆ ಅಂಟಿಸಿ ಕೊಡುವುದು ಅಲ್ಲಿನ ಹೆಂಗಸರ ಮನೆಗೆಲಸ. ಇಕುಯೊ ಹುಟ್ಟಿದ್ದೂ ಅಂಥದೇ ಮನೆಯಲ್ಲಿ. ಶಾಲೆಯಿಂದ ಬಂದವಳು ಚೀಲ ಇಳಿಸಿ ಅಮ್ಮನ ಪಕ್ಕ ಕೂತರೆ ಊಟದ ಹೊತ್ತಿನವರೆಗೂ ಎದ್ದೇಳುತ್ತಿರಲಿಲ್ಲ. ತಾವು ಅಂಟಿಸಿದ ಟೈಲುಗಳು ದೂರದ ಊರುಗಳ ಯಾರ್‍ಯಾರದೋ ಬಚ್ಚಲಿಗೆ ಹೋಗುತ್ತವೆ ಎಂದು ಅಮ್ಮ ಹೇಳುತ್ತಿದ್ದಳು. ಆ ಬಚ್ಚಲುಗಳಲ್ಲಿ ಮೀಯುವವರು ಹೇಗಿರಬಹುದು ಎಂದು ಆ ಹುಡುಗಿ ಯೋಚಿಸುತ್ತಿದ್ದಳು. ಅವನ್ನು ಉಜ್ಜುವವರು ಹೇಗಿರಬಹುದು ಎಂದು ಆಗ ಹೊಳೆದಿರಲಿಲ್ಲ.

ಮದುವೆಯಾಗಿ ಬಂದ ಶಿಬಾತರ ಮನೆಯ ಬಚ್ಚಲನ್ನು ಮಾವ ತನ್ನ ಕೈಯಾರೆ ಕಟ್ಟಿದ್ದ. ಮನೆಯ ಉತ್ತರದ ಮೂಲೆ, ಬಿಸಿಲು ಇಣುಕಿಯೂ ನೋಡದ ಜಾಗ. ನೆಲಕ್ಕೆ ನೀಲಿಯ ದುಂಡು ಟೈಲು, ಗೋಡೆಗೆ ಗುಲಾಬಿ, ಅರ್ಧ ನೆಲದೊಳಕ್ಕೆ ಇಳಿಸಿದ ಆಳದ ತೊಟ್ಟಿ. ಬಂದವರೆಲ್ಲ ಬಾಗಿಲು ತೆರೆದು ನೋಡಿ ಆಹಾ ಎನ್ನುತ್ತಿದ್ದರು. ಮೈಯನ್ನು ಹೊರಗೇ ತೊಳೆದುಕೊಂಡು ಒಂದೇ ತೊಟ್ಟಿಯ ಬಿಸಿನೀರಿನಲ್ಲಿ ಮುಳುಗುವುದು ರೂಢಿ: ಮೊದಲು ಮಾವ, ಆಮೇಲೆ ಕುನಿಮಸ, ಆಮೇಲೆ ಮೈದುನ, ಆಮೇಲೆ ಅತ್ತೆ, ಎಲ್ಲರದೂ ಮುಗಿದ ಮೇಲೆ ಇಕುಯೊ. ಅವಳ ಸರದಿ ಬರುವಾಗ ನೀರು ಉಗುರುಬೆಚ್ಚಗಾಗಿರುತ್ತಿತ್ತು. ಗ್ಯಾಸು ಹಚ್ಚಿ ಮತ್ತೆ ಕಾಯಿಸಲು ಹೋದರೆ ಕಿನು ಹೊರಗಿನಿಂದ ಆರಿಸಿಬಿಡುತ್ತಿದ್ದಳು. "ಒಬ್ಬಳಿಗೋಸ್ಕರ ಇಷ್ಟು ನೀರು ಕಾಯಿಸ್ತಾರೇನೇ? ಇರೋ ಬಿಸೀಲೇ ಮುಳುಗಿ ಎದ್ದು ಬಾ," ಎನ್ನುತ್ತಿದ್ದಳು.

ಮದುವೆಯಾದ ಮೂರನೆಯ ಚಳಿಗಾಲದಲ್ಲಿ ಇಕುಯೊ ಆ ನೀಲಿ ಟೈಲಿನ ಮೇಲೆ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಸದ್ದು ಕೇಳಿ ಓಡಿ ಬಂದ ಕುನಿಮಸ ಮೊದಲು ನೋಡಿದ್ದು ನೆಲವನ್ನು. "ಅಯ್ಯೋ, ಟೈಲು ಸೀಳಿತಲ್ಲ!" ಎಂದ. ಆಮೇಲೆ ಅವಳನ್ನು ಎತ್ತಿದ, ಆಸ್ಪತ್ರೆಗೆ ಕರೆದುಕೊಂಡೂ ಹೋದ, ಅದನ್ನು ಇಲ್ಲವೆನ್ನಲಾಗದು. ಆದರೆ ಮೊದಲ ಮಾತು ಮೊದಲ ಮಾತೇ. ಕೈ ಕೂಡಿಕೊಂಡಿತು, ಕೂಡಿಕೊಂಡ ಕೈ ಚಳಿಯಲ್ಲಿ ನೋಯುತ್ತಲೇ ಇತ್ತು. ಕುನಿಮಸ ಮಾತ್ರ ಅದನ್ನೊಂದು ತಮಾಷೆಯ ಕಥೆ ಮಾಡಿಕೊಂಡ. ಅತಿಥಿಗಳು ಬಂದಾಗ, ಒಂದೆರಡು ಲೋಟ ಸಾಕೆ ಮದ್ಯ ಒಳಗೆ ಹೋದ ಮೇಲೆ, ಹೇಳುತ್ತಿದ್ದ: "ಲಾರಿ ಹತ್ತಿಸಿದ್ರೂ ಒಡೆಯಲ್ಲ ಅಂತ ಮಾರ್ತಿದ್ದ ಟೈಲು ಕಣ್ರಯ್ಯಾ. ನನ್ನ ಹೆಂಡ್ತಿ ಕೂತಿದ್ದಕ್ಕೇ ಸೀಳಿಬಿಡ್ತು!" ಅವರು ನಗುತ್ತಿದ್ದರು. ಇಕುಯೊ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಮಾವ ತೀರಿಹೋದ. ಮೈದುನ ಬೇರೆ ಮನೆ ಮಾಡಿದ. ಮಗಳು ಮದುವೆಯಾಗಿ ನಗೋಯಾಕ್ಕೆ ಹೋದಳು. ಕಿನುವಿಗೆ ತೊಂಬತ್ತು ಹತ್ತಿರವಾಯಿತು, ಸೊಂಟ ಬಾಗಿತು, ಕಾಲು ಎತ್ತಿಡಲಾಗದ ಹಾಗಾಯಿತು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ದಿನ ಬಿಟ್ಟು ದಿನ ಅವಳನ್ನು ಮೀಯಿಸುವುದು ಇಕುಯೊಳ ಕೆಲಸ. ಇಕುಯೊಗೂ ಅರವತ್ತು ದಾಟಿತ್ತು. ತಾನು ಒಂದು ಕಾಲನ್ನು ತೊಟ್ಟಿಯೊಳಗೆ, ಒಂದನ್ನು ಹೊರಗೆ ಇಟ್ಟುಕೊಂಡು, ಅತ್ತೆಯ ಕಂಕುಳಿಗೆ ಕೈ ಹಾಕಿ, ನೋಯುವ ಮಣಿಕಟ್ಟನ್ನು ಬಟ್ಟೆಯಿಂದ ಬಿಗಿದುಕೊಂಡು, ಆ ಆಳದ ತೊಟ್ಟಿಗೆ ಇಳಿಸಿ ಮತ್ತೆ ಎತ್ತಬೇಕು. ಎತ್ತುವಾಗೆಲ್ಲ ಕಿನು ಬೈಯುವಳು: "ಮೀನು ಹಿಡಿದ ಹಾಗೆ ಹಿಡೀಬೇಡ್ವೇ! ನಾನೇನು ಬಂಗಡೆನಾ?"

ಅಂಥ ಹೊತ್ತಿನಲ್ಲಿ ಕುನಿಮಸ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತ. ಕೂತವನಿಗೆ ಹೊತ್ತು ಹೋಗಲಿಲ್ಲ. ಒಂದು ದಿನ ಬೆಳಗಿನ ತಿಂಡಿಯ ಹೊತ್ತಿಗೆ, ಮಿಸೊ ಸಾರಿನ ಬಟ್ಟಲು ಕೆಳಗಿಟ್ಟು ಹೇಳಿದ:

"ಬಚ್ಚಲನ್ನ ಪೂರ್ತಿ ಹೊಸದು ಮಾಡಿಸೋಣ ಅಂತಿದೀನಿ. ನಮ್ಮ ಮನೆಗೇ ಅಂತ ಬೇರೆ ನಕ್ಷೆ ಹಾಕಿಸಿ."

ಇಕುಯೊಗೆ ಎದೆಯಲ್ಲಿ ಏನೋ ಹಗುರವಾಯಿತು. ಇವನು ನೋಡಿದ್ದಾನೆ, ಇಷ್ಟು ವರ್ಷದ ಮೇಲಾದರೂ ನೋಡಿದ್ದಾನೆ ಎಂದುಕೊಂಡಳು. ಅಂದು ಮಧ್ಯಾಹ್ನ ಅವನಿಗೆ ಇಷ್ಟವೆಂದು ಅಕ್ರೋಟಿನ ಗೊಜ್ಜು ಸವರಿ ಸುಟ್ಟ ಅನ್ನದ ಉಂಡೆ ಮಾಡಿ ಬಡಿಸಿದಳು. ಆ ಉಂಡೆಗಳ ನೆನಪಾದರೆ ಇವತ್ತಿಗೂ ಅವಳು ಹಲ್ಲು ಕಡಿಯುತ್ತಾಳೆ.

ಮರುವಾರ ಗುತ್ತಿಗೆದಾರ ಇನಗಾಕಿ ಬಂದ. ಜೊತೆಗೆ ಕುನಿಮಸನ ಹಳೆಯ ಸಹೋದ್ಯೋಗಿ ಮೊರಿಶಿತನೂ ಬಂದ. ಮೂವರೂ ಮುಂದಿನ ಕೋಣೆಯಲ್ಲಿ ಮೇಜಿನ ಸುತ್ತ ಕೂತರು. ಇಕುಯೊ ಚಹಾ, ಒಣಗಿಸಿದ ಕಾಕಿ ಹಣ್ಣು ತಂದಿಟ್ಟು ಬಾಗಿಲ ಬಳಿ ಕೂತಳು. ಅವಳನ್ನು ಯಾರೂ ಕೂರು ಎನ್ನಲಿಲ್ಲ, ಏಳು ಎಂದೂ ಅನ್ನಲಿಲ್ಲ.

ಕುನಿಮಸ ಹಾಳೆ ಬಿಡಿಸಿದ. ಕೈಯಲ್ಲೇ ಬರೆದ ನಕ್ಷೆ. ತೊಟ್ಟಿಯನ್ನು ಪೂರ್ತಿ ನೆಲದೊಳಕ್ಕೆ ಇಳಿಸುವುದು, ಇಳಿಯಲು ಕಲ್ಲಿನ ಮೆಟ್ಟಿಲು, ನೆಲಕ್ಕೆ ಕರಿಯ ಟೈಲು, ಎದುರು ಗೋಡೆಯ ತುಂಬ ಚಿಕ್ಕ ಟೈಲುಗಳಲ್ಲಿ ಹಾರುವ ಕೊಕ್ಕರೆಗಳ ಚಿತ್ರ.

"ಬಿಸಿನೀರಿನ ಬುಗ್ಗೆಯ ಛತ್ರಕ್ಕೆ ಹೋದ ಹಾಗಿರುತ್ತೆ," ಎಂದ ಮೊರಿಶಿತ. "ಬಂದವರು ದಂಗಾಗಿಬಿಡ್ಬೇಕು."

"ಅದೇ ನಾನು ಹೇಳ್ತಿರೋದು. ಟೈಲಿನ ಊರಲ್ಲಿ ಟೈಲು ಮಾರಿದವನ ಮನೆ ಬಚ್ಚಲು ಅಂದ್ರೆ ಹಾಗಿರ್ಬೇಕು."

ಇಕುಯೊ ಬಾಗಿಲ ಬಳಿಯಿಂದ ಕೇಳಿದಳು: "ಅತ್ತೆ ಆ ಮೆಟ್ಟಿಲು ಇಳಿಯೋದು ಹೇಗೆ?"

ಮೂವರೂ ತಿರುಗಿ ನೋಡಿದರು. ಕುನಿಮಸ ಹಾಳೆಯ ಮೇಲಿನ ಕೊಕ್ಕರೆಯೊಂದನ್ನು ಬೆರಳಿನಿಂದ ಸವರಿದ.

"ಅಮ್ಮ ಇನ್ನೆಷ್ಟು ದಿನ ಇರ್ತಾಳೆ? ಅಲ್ಲೀತನಕ ವೃದ್ಧರ ಕೇಂದ್ರದಲ್ಲಿ ಮೀಯಿಸ್ಕೊಂಡು ಬರ್ತಾರಂತಲ್ಲ, ಹಾಗೆ ಮಾಡೋಣ."

"ಅವರು ಅಲ್ಲಿಗೆ ಹೋಗೋದಿಲ್ಲ ಅಂತ ಹಟ ಹಿಡಿದು ಎರಡು ವರ್ಷ ಆಯ್ತು. ನಿಮಗೆ ಗೊತ್ತಿಲ್ವಾ?"

"ಹೋಗಲಿ, ನೀನಿದೀಯಲ್ಲ. ಹೇಗೋ ಇಳಿಸ್ತೀಯ."

"ಕರಿ ಟೈಲಿನ ಮೇಲೆ ಸಾಬೂನಿನ ಕಲೆ ಬಿಳಿಬಿಳಿ ಎದ್ದು ಕಾಣುತ್ತೆ. ಅದನ್ನ ಉಜ್ಜೋರು ಯಾರು?"

"ಆಹಾ, ನೋಡಿ ಇನಗಾಕಿ ಅವರೇ, ನಮ್ಮನೇಲಿ ಮೇಲ್ವಿಚಾರಕಿ ಇದಾರೆ!" ಎಂದು ಕುನಿಮಸ ನಕ್ಕ. ಆಮೇಲೆ ಮೊರಿಶಿತನ ಕಡೆ ತಿರುಗಿದ. "ನೆಲದ ಟೈಲು ಮಾತ್ರ ದಪ್ಪದ್ದೇ ಹಾಕಿಸ್ಬೇಕಪ್ಪ. ನಿನಗೆ ಗೊತ್ತಲ್ಲ, ಇವಳು ಕೂತ್ರೆ…"

ಮೊರಿಶಿತ ಮಾತು ಮುಗಿಯುವ ಮೊದಲೇ ನಗಲು ಶುರು ಮಾಡಿದ. ಇನಗಾಕಿ ನಗಲಿಲ್ಲ, ಕಾಕಿ ಹಣ್ಣನ್ನು ನೋಡುತ್ತ ಕೂತ.

ಇಕುಯೊ ಎದ್ದಳು. ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ ಬ್ರಷ್ಷು ಎತ್ತಿಕೊಂಡಳು. ಮಂಡಿಯೂರಿದಳು. ಅಂದು ಅವಳು ಬಿದ್ದು ಮಣಿಕಟ್ಟು ಮುರಿದಾಗ ಸೀಳಿದ ಆ ಟೈಲು ಇನ್ನೂ ಅಲ್ಲೇ ಇತ್ತು, ಅದರ ಸೀಳಿನಲ್ಲಿ ಕಪ್ಪು ಕೂತಿತ್ತು. ಇಷ್ಟು ವರ್ಷ ಅವಳು ಅದನ್ನೂ ಕೆರೆದಿದ್ದಾಳೆ. ಬ್ರಷ್ಷು ಕೈಯಲ್ಲೇ ನಿಂತಿತು. ನನ್ನ ಬದುಕಿನ ಸಿಟ್ಟನ್ನೆಲ್ಲ ಇವರ ಬಚ್ಚಲು ಹೊಳೆಯಿಸಲು ಸುರಿದೆನಲ್ಲ ಎಂದು ಅನ್ನಿಸಿದ್ದೇ, ಅವಳು ಬ್ರಷ್ಷನ್ನು ಕಿಟಕಿಯಿಂದ ಹಿತ್ತಲಿಗೆ ಬಿಸಾಡಿದಳು.

ಆದರೂ ನ್ಯಾಯವಾಗಿ ಒಂದು ಪ್ರಯತ್ನ ಮಾಡಿದಳು. ಮರುದಿನ ತಾನೇ ಇನಗಾಕಿಯ ಅಂಗಡಿಗೆ ಹೋದಳು. ತೊಟ್ಟಿಯ ಅಂಚು ಮಂಡಿಯಷ್ಟೇ ಎತ್ತರ ಇರಬೇಕು, ಪಕ್ಕದಲ್ಲಿ ಕೂತು ಕಾಲು ಒಳಗೆ ತಿರುಗಿಸಲು ಒಂದು ಜಗುಲಿ ಬೇಕು, ಬಾಗಿಲು ಪಕ್ಕಕ್ಕೆ ಸರಿಯುವಂಥದ್ದು ಬೇಕು, ನೆಲ ತಣ್ಣಗಿರಬಾರದು ಎಂದು ಹೇಳಿದಳು. ಇನಗಾಕಿ ಒಳ್ಳೆಯವನೇ, ಎಲ್ಲವನ್ನೂ ಕೇಳಿದ. ಕೇಳಿ ಕತ್ತು ಕೆರೆದುಕೊಂಡ.

"ನೀವು ಹೇಳೋದು ಸರಿ ಅಮ್ಮಾ. ಆದ್ರೆ ಕೆಲಸ ಒಪ್ಪಿಸಿರೋದು ಯಜಮಾನ್ರು. ಅವರನ್ನೂ ಒಂದ್ಸಲ ಕರ್ಕೊಂಡು ಬನ್ನಿ. ಅವರು ಹೂಂ ಅಂದ್ರೆ ನಾನು ಬರೆದುಬಿಡ್ತೀನಿ."

"ಅವರು ನಿಮ್ಮ ಹತ್ರ ಬಂದಾಗ ನನ್ನನ್ನ ಕರ್ಕೊಂಡು ಬನ್ನಿ ಅಂದ್ರಾ ನೀವು?"

ಇಕುಯೊ ಬಗ್ಗಿ ನಮಸ್ಕರಿಸಿ ಹೊರಟಳು.

ಅದಾದ ಮೇಲೆ ಒಂದು ಬೆಳಿಗ್ಗೆ ಕುನಿಮಸ ಗೆಳೆಯರ ಜೊತೆ ಗಾಲ್ಫಿಗೆ ಹೋದ. ಅವನ ಕಾರು ತಿರುವಿನಲ್ಲಿ ಮರೆಯಾದದ್ದೇ ಇಕುಯೊ ಕೊಟ್ಟಿಗೆಗೆ ಹೋಗಿ ಮಾವನ ಕಾಲದ ಕಬ್ಬಿಣದ ಸುತ್ತಿಗೆ ತಂದಳು. ಮಳೆಗಾಲದ ಬೂಟು ಹಾಕಿಕೊಂಡಳು. ಈಜುವವರ ಕನ್ನಡಕ ಯಾವ ಕಾಲದ್ದೋ ಮಗಳದ್ದು ಸಿಕ್ಕಿತು, ಅದನ್ನೂ ಹಾಕಿಕೊಂಡಳು. ಬಚ್ಚಲ ನಡುವೆ ನಿಂತು, ಎರಡೂ ಕೈಯಲ್ಲಿ ಸುತ್ತಿಗೆ ಎತ್ತಿ, ಆ ಸೀಳಿದ ಟೈಲಿನ ಮೇಲೆ ಮೊದಲ ಪೆಟ್ಟು ಹಾಕಿದಳು.

ಅಂಥ ಸುಖ ಅವಳಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ನೀಲಿ ಚೂರುಗಳು ಕಾಲಿಗೆ ಸಿಡಿದವು. "ಇದು ಆರಿಸಿದ ಗ್ಯಾಸಿಗೆ," ಎಂದಳು. "ಇದು ಲಾರಿ ಹತ್ತಿಸಿದ್ರೂ ಒಡೆಯದ ಟೈಲಿಗೆ." ಗೋಡೆಯ ಗುಲಾಬಿ ಟೈಲು ಹಲಗೆ ಹಲಗೆಯಾಗಿ ಕಳಚಿ ಬಿತ್ತು. ತೊಟ್ಟಿಯ ಅಂಚು ಹಟಮಾರಿ, ಬೇಗ ಒಡೆಯಲಿಲ್ಲ. ಅವಳೂ ಬಿಡಲಿಲ್ಲ.

ಸದ್ದಿಗೆ ಕಿನು ನಡಿಗೆಯ ಚೌಕಟ್ಟು ತಳ್ಳಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಧೂಳಿನಲ್ಲಿ ಈಜುಕನ್ನಡಕ ಹಾಕಿಕೊಂಡ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಟಿವಿ ಕೇಳಿಸ್ತಿಲ್ಲ," ಎಂದಳು.

"ಕೇಳಿಸೋದಿಲ್ಲ. ಇನ್ನೂ ತುಂಬಾ ಇದೆ."

"ಇದನ್ನ ಕಟ್ಟಿದ್ದು ನನ್ನ ಗಂಡ."

"ಗೊತ್ತು."

ಇಕುಯೊ ಸುತ್ತಿಗೆ ಇಳಿಸಲಿಲ್ಲ. ಅವಳು ಬೈಗುಳಕ್ಕೆ ಕಾದಿದ್ದಳು, ಈ ಸಲ ತಿರುಗಿ ಬೈಯಲು ಮಾತುಗಳೂ ಸಿದ್ಧವಿದ್ದವು.

"ಆ ಮೂಲೆಗೆ ಹೊಡಿ," ಎಂದಳು ಕಿನು, ಗದ್ದದಿಂದ ತೋರಿಸುತ್ತ. "ಅಲ್ಲಿ ಟೊಳ್ಳು. ಆವತ್ತೇ ಹೇಳಿದ್ದೆ ಆ ಮನುಷ್ಯಂಗೆ, ಸರಿಯಾಗಿ ತುಂಬಿಲ್ಲ ಅಂತ. ಕೇಳಿದ್ನಾ?" ಎಂದು ಹೇಳಿ ಚೌಕಟ್ಟು ತಿರುಗಿಸಿಕೊಂಡು ಟಿವಿಯ ಕಡೆ ಹೊರಟಳು. ಹೋಗುತ್ತ, "ಧೂಳು ನನ್ನ ಕೋಣೆಗೆ ಬರ್ದೇ ಇರೋ ಹಾಗೆ ನೋಡ್ಕೋ," ಎಂದು ಸೇರಿಸಿದಳು.

ಕುನಿಮಸ ಮರಳಿದಾಗ ಬಚ್ಚಲು ಇರಲಿಲ್ಲ. ಕಾಂಕ್ರೀಟಿನ ಬರಿ ಗುಹೆಯಿತ್ತು, ಅದರ ನಡುವೆ ಚೂರುಗಳ ಗುಡ್ಡೆಯ ಮೇಲೆ ಅವನ ಹೆಂಡತಿ ಕೂತಿದ್ದಳು.

"ಹುಚ್ಚು ಹಿಡೀತೇನೇ ನಿನಗೆ? ಯಾರ್ ಹೇಳಿದ್ರು ಒಡೆಯೋಕೆ? ನಮ್ಮಪ್ಪ ಕಟ್ಟಿದ್ದು!"

"ನೀವೂ ಒಡೆಸೋರೇ ಇದ್ರಲ್ಲ. ನಾನು ಮೊದಲು ಒಡೆದೆ, ಅಷ್ಟೇ."

"ನಾನು ಇಲ್ದೇ ಇರೋವಾಗ? ನನ್ನ ಒಂದು ಮಾತು ಕೇಳ್ದೆ?"

ಈ ಮಾತು ಅವನ ಬಾಯಿಂದ ಬಂದದ್ದೇ ತಡ, ಇಕುಯೊ ಎದ್ದು ನಿಂತಳು.

"ಒಂದು ಮಾತು ಕೇಳ್ದೆ! ಅಲ್ಲಾ, ಒಂದು ಮಾತು ಕೇಳ್ದೆ ಅಂತ ನೀವು ನನ್ನನ್ನ ಕೇಳ್ತಿದೀರಾ? ಮೂರು ಜನ ಗಂಡಸರು ಕೂತು ನಕ್ಷೆ ಬರೆದ್ರಿ. ಈ ಮೂವರಲ್ಲಿ ಯಾರಾದ್ರೂ ಒಬ್ಬ ಒಂದು ದಿನ ಬಚ್ಚಲು ಉಜ್ಜಿದೀರಾ? ಒಂದು ಮುದಿ ಜೀವಾನ ಎತ್ತಿ ನೀರಿಗೆ ಇಳಿಸಿದೀರಾ? ಕೊಕ್ಕರೆ ಬೇಕಂತೆ ಕೊಕ್ಕರೆ! ನಿಮ್ಮಮ್ಮನ್ನ ಕೊಕ್ಕರೆ ಎತ್ತುತ್ತಾ? ನಾನು ಮುರಿದ ಕೈಯಲ್ಲಿ ಎತ್ತಿದೀನಿ ಅವರನ್ನ. ನೀವು ಆ ಕೈ ಮುರಿದದ್ದನ್ನ ಕಥೆ ಮಾಡಿ, ಸಾಕೆ ಜೊತೆ ನಂಚ್ಕೊಂಡ್ರಿ. ಇನ್ನೊಂದು ಸಲ ಆ ಕಥೆ ಈ ಮನೇಲಿ ಹೇಳಿದ್ರೆ ಈ ಸುತ್ತಿಗೇಲಿ ಮುಂದಿನ ಕೋಣೇನೂ ಒಡೀತೀನಿ, ನೋಡ್ತಿರಿ!"

ಕುನಿಮಸ ಹಿಂದೆ ಸರಿದ. ಬೇಲಿಯಾಚೆ ಪಕ್ಕದ ಮನೆಯ ಹಾತ್ಸುಮಿ ಬಟ್ಟೆ ಹರವುತ್ತಿದ್ದವಳು ಹರವುವುದನ್ನು ನಿಲ್ಲಿಸಿದ್ದಳು. ಇಕುಯೊಗೆ ಸಿಟ್ಟು ಬರುತ್ತದೆ ಎಂದು ಕೇರಿಗೆ ಗೊತ್ತಾದದ್ದು ಅಂದು.

ಸುತ್ತಿಗೆಯ ಬೆಲೆಯನ್ನು ಮಣಿಕಟ್ಟು ತೆತ್ತಿತು. ಸಂಜೆಯ ಹೊತ್ತಿಗೆ ಅದು ಊದಿ ಮೂಲಂಗಿಯಂತಾಗಿತ್ತು. ವೈದ್ಯ ಕಟ್ಟು ಕಟ್ಟಿ, ಗುಣವಾಗುವ ತನಕ ಭಾರದ್ದೇನನ್ನೂ ಎತ್ತಬೇಡಿ ಎಂದ. ಮನೆಯಲ್ಲಿ ಬಚ್ಚಲಿಲ್ಲ, ಕಿನುವನ್ನು ಎತ್ತಲು ಕೈಯಿಲ್ಲ. ಪಕ್ಕದ ಊರಿನಲ್ಲಿ ಒಂದು ಬಿಸಿನೀರಿನ ಸ್ನಾನಗೃಹವಿತ್ತು. ಅಲ್ಲಿ ಒಂದು ಮನೆಯವರಿಗೆಂದೇ ಬಾಡಿಗೆಗೆ ಬೇರೆ ಕೋಣೆ ಕೊಡುತ್ತಿದ್ದರು. ಇಕುಯೊ ಫೋನು ಮಾಡಿ ಅದನ್ನು ಗೊತ್ತು ಮಾಡಿ, ಅತ್ತೆಯನ್ನು ಅಲ್ಲಿ ನೀವೇ ಮೀಯಿಸಬೇಕು ಎಂದು ಗಂಡನಿಗೆ ಹೇಳಿದಳು.

"ನಾನ್ಯಾಕೆ?" ಎಂದ ಕುನಿಮಸ.

"ನಿಮ್ಮಮ್ಮ ಅಲ್ವಾ," ಎಂದಳು ಇಕುಯೊ.

ಕೋಣೆಯಲ್ಲಿ ಅವಳು ಬಟ್ಟೆ ತೊಟ್ಟೇ, ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯ ಮಣೆಯ ಮೇಲೆ ಕೂತಳು. ಕಿನು ಮಗನನ್ನು ಕಂಡದ್ದೇ ಟವೆಲನ್ನು ಎದೆಗೆ ಎಳೆದುಕೊಂಡಳು. "ಇವನ್ಯಾಕೆ ಬಂದ? ಹೋಗೋ ಆಚೆ! ಅವಳನ್ನ ಕರಿ!"

"ಅವಳ ಕೈ ಹೋಗಿದೆಯಲ್ಲಮ್ಮಾ. ಸುಮ್ಮನೆ ಬಾ."

ಅವನು ನೀರು ಹೊಯ್ದ, ಸಾಬೂನು ಹಚ್ಚಿದ. ಬೆನ್ನು ತೊಳೆಯುವಾಗ ಕೈ ಹಗುರವಿರಲಿಲ್ಲ, ಕಾರು ತೊಳೆಯುವವನ ಕೈಯಿದ್ದ ಹಾಗಿತ್ತು. ಕಿನು ಕಿರುಚಿದಳು. ಆಮೇಲೆ ತೊಟ್ಟಿಗೆ ಇಳಿಸುವ ಹೊತ್ತು ಬಂತು. ಅವನು ತಾಯಿಯ ಎರಡೂ ತೋಳುಗಳನ್ನು ಹಿಡಿದು ಎಳೆದ. ಅವಳ ಒಂದು ಕಾಲು ಅಂಚಿನ ಮೇಲೆ ಸಿಕ್ಕಿಕೊಂಡಿತು, ಇನ್ನೊಂದು ನೆಲದಲ್ಲಿ ಜಾರಿತು. ಅವನ ಬೆನ್ನಿನಲ್ಲಿ ಏನೋ ಹಿಡಿದುಕೊಂಡು ಅವನು ಮಂಡಿಯೂರಿ ಕುಸಿದ. ಕಿನು ಅಂಚಿನ ಮೇಲೆ ಹೊಟ್ಟೆ ಊರಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಜೋತುಬಿದ್ದಳು.

ಇಕುಯೊ ಏಳುವುದಿಲ್ಲ ಎಂದು ಶಪಥ ಮಾಡಿಕೊಂಡು ಬಂದವಳು. ಆದರೆ ಎದ್ದಳು. ಏಳಬೇಕಾಯಿತಲ್ಲ ಎಂಬ ಸಿಟ್ಟಿನಿಂದಲೇ ಎದ್ದು, ಒಂದೇ ಕೈಯನ್ನು ಅತ್ತೆಯ ಕಂಕುಳಿಗೆ ಹಾಕಿ, ತನ್ನ ಸೊಂಟವನ್ನೇ ಮೆತ್ತೆ ಮಾಡಿ ಅವಳನ್ನು ಒರಗಿಸಿಕೊಂಡು ನೀರಿಗೆ ಇಳಿಸಿದಳು. ಲಂಗ ಸೊಂಟದವರೆಗೂ ಒದ್ದೆಯಾಯಿತು.

ಕಿನು ನೀರಿನಲ್ಲಿ ಕತ್ತಿನವರೆಗೆ ಮುಳುಗಿ ಉಸಿರು ಬಿಟ್ಟಳು. ಆಮೇಲೆ ಕೈ ಚಾಚಿ ಮಗನ ಒದ್ದೆ ತಲೆಯ ಮೇಲೆ ಒಂದು ಬಿಟ್ಟಳು.

"ದಡ್ಡ ಮುಂಡೇದೆ! ತೋಳು ಹಿಡಿದು ಎಳೀತಾರೇನೋ? ಕಂಕುಳಿಗೆ ಕೈ ಹಾಕ್ಬೇಕು. ಇಷ್ಟು ವರ್ಷದಿಂದ ಅವಳು ಎತ್ತುತಿದಾಳೆ, ಒಂದಿನಾನೂ ನೋಡಿಲ್ವಾ?"

"ನೋಡಿಲ್ಲ," ಎಂದ ಕುನಿಮಸ, ನೆಲದ ಮೇಲಿಂದಲೇ.

ಅದು ನಿಜವೇ ಆಗಿತ್ತು. ಅವನು ಕ್ಷಮೆ ಕೇಳಲಿಲ್ಲ. ಕೇಳುವ ಜಾತಿಯವನಲ್ಲ. ಮರಳುವಾಗ ಕಾರಿನಲ್ಲಿ ಕಿನು, ನೀರು ಚೆನ್ನಾಗಿತ್ತು ಎಂದಳು.

ಆ ಭೇಟಿಗಳು ಮುಂದುವರಿದವು. ಕುನಿಮಸನ ಬೆನ್ನಿಗೂ ಪಟ್ಟಿ ಬಂತು. ಹಾಗೆ ಒಂದು ದಿನ ಇಕುಯೊ ಒಡೆದ ಬಚ್ಚಲ ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾಗ ಅವನು ಅಳತೆಯ ಟೇಪು ಹಿಡಿದುಕೊಂಡು ಬಂದು ನಿಂತ.

"ಆ ತುದಿ ಹಿಡಿದ್ಕೊಳ್ಲಾ?"

"ಹಿಡಿದ್ಕೊಳ್ಳಿ. ಮಾತಾಡ್ಬೇಡಿ."

ಕಿನುವನ್ನು ಕುರ್ಚಿ ಸಮೇತ ಅಲ್ಲಿಗೆ ತಂದು ಕೂರಿಸಿದರು. ಅವಳ ಕೈ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿ ಗೋಡೆಯ ಮೇಲೆ ಗುರುತು, ಹಿಡಿಕೆ ಅಲ್ಲಿ. ಅವಳ ಕಾಲು ಎಷ್ಟು ಮೇಲೆ ಏಳುತ್ತದೋ ಅಲ್ಲಿ ಇನ್ನೊಂದು ಗುರುತು, ತೊಟ್ಟಿಯ ಅಂಚು ಅದಕ್ಕಿಂತ ಕೆಳಗೆ. ಇಕುಯೊ ಬಗ್ಗದೆ ನಿಂತರೆ ಅವಳ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿ ನಲ್ಲಿ. ಕಿನುವಿಗೆ ಮಾತ್ರ ಒಂದೇ ತಕರಾರು.

"ಭುಜ ಮುಳುಗ್ಬೇಕು ನನಗೆ. ಸೋಯಾ ಸಾಸ್ ಸುರಿಯೋ ತಟ್ಟೆಯಂಥದ್ರಲ್ಲಿ ನಾನು ಕೂರಲ್ಲ."

"ಅಂಚು ಎತ್ತರ ಮಾಡಿದ್ರೆ ನಿಮ್ಮ ಕಾಲು ಏಳಲ್ಲ, ಅತ್ತೆ."

"ಹಾಗಾದ್ರೆ ತಳ ಆಳ ಮಾಡು."

"ಆಳ ಮಾಡಿದ್ರೆ ಎತ್ತೋದು ನಿಮ್ಮಪ್ಪನಾ?"

ಕಿನುವಿಗೆ ಸೊಸೆ ಹೀಗೆ ಮಾತಾಡಿದ್ದು ಇದೇ ಮೊದಲು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ನಮ್ಮಪ್ಪ ಇದ್ದಿದ್ರೆ ನಿನ್ನಂಥ ಬಾಯಿಬಡುಕೀನ ಸೊಸೆ ಮಾಡ್ಕೊಳ್ಳೋಕೆ ಬಿಡ್ತಿರ್ಲಿಲ್ಲ," ಎಂದಳು. ಆದರೂ ಕೊನೆಗೆ ಒರಗಿ ಕೂತರೆ ಭುಜ ಮುಳುಗುವ ಹಾಗೆ ಉದ್ದನೆಯ ತೊಟ್ಟಿ, ಒಳಗೊಂದು ಸಣ್ಣ ಮೆಟ್ಟಿಲು ಎಂದು ಒಪ್ಪಂದವಾಯಿತು. ಇನಗಾಕಿ ಬಂದಾಗ ಇಕುಯೊ ಅವನನ್ನು ಮುಂದಿನ ಕೋಣೆಗೆ ಕರೆಯಲಿಲ್ಲ. ಚಪ್ಪಲಿ ಬಿಡಿಸದೆ ನೇರ ಆ ಗುಹೆಗೇ ಕರೆದೊಯ್ದು ಸೀಮೆಸುಣ್ಣದ ಗೆರೆಗಳನ್ನು ತೋರಿಸಿದಳು. ಅವನು ಯಜಮಾನನ ಮುಖ ನೋಡಿದ.

"ನನ್ನ ಮುಖ ಯಾಕಪ್ಪ ನೋಡ್ತೀಯ?" ಎಂದ ಕುನಿಮಸ. "ಹೊಡೆಸ್ಕೋಬೇಕು ಅಂತ ಆಸೆಯಾ?"

ಅವನು ಕೇಳಿದ್ದು ಒಂದೇ: ಒಂದು ಗೋಡೆ, ಒಂದೇ ಒಂದು ಗೋಡೆ ಕೊಕ್ಕರೆಗೆ. "ನೀರು ಸಿಡಿಯದ ಗೋಡೆ ತಗೊಳ್ಳಿ. ನೀವೇ ಅಂಟಿಸ್ಬೇಕು. ಅದರ ಗಾರೆ ನೀವೇ ಉಜ್ಜಬೇಕು," ಎಂದಳು ಇಕುಯೊ. ಜೀವಮಾನವೆಲ್ಲ ಟೈಲು ಮಾರಿದವನು ಒಂದೂ ಟೈಲು ಅಂಟಿಸಿರಲಿಲ್ಲ. ವಾರಗಟ್ಟಲೆ ಕಷ್ಟಪಟ್ಟ. ಅವನ ಕೊಕ್ಕರೆಗಳಲ್ಲಿ ಒಂದರ ಕತ್ತು ಸೊಟ್ಟಗಾಗಿ, ಬಾತುಕೋಳಿಗೆ ಹಲ್ಲುನೋವು ಬಂದ ಹಾಗೆ ಕಾಣುತ್ತದೆ. ಇಕುಯೊ ಸರಿಪಡಿಸಬಲ್ಲವಳಾಗಿದ್ದಳು. ಸರಿಪಡಿಸಲಿಲ್ಲ.

ಬಚ್ಚಲು ಬೇಸಗೆಗೆ ಮೊದಲೇ ಮುಗಿಯಿತು. ಉಳಿದ ಗೋಡೆಗಳು ನುಣ್ಣಗೆ, ಬೆಳ್ಳಗೆ, ಗಾರೆಯ ಒಂದು ಗೆರೆಯೂ ಇಲ್ಲ. ನೆಲ ಪಾದಕ್ಕೆ ಬೆಚ್ಚಗಿತ್ತು. "ಆಸ್ಪತ್ರೆ ಇದ್ದ ಹಾಗಿದೆ," ಎಂದಳು ಕಿನು, ಮತ್ತು ದಿನ ಬಿಟ್ಟು ದಿನ ಅಲ್ಲ, ದಿನವೂ ಮೀಯಿಸು ಎಂದು ಹಟ ಹಿಡಿದಳು. ವಾರದಲ್ಲಿ ಅರ್ಧದಷ್ಟು ದಿನ ಆ ಕೆಲಸ ಕುನಿಮಸನದು. ಅವನು ಅದನ್ನು ಕೆಟ್ಟದಾಗಿ ಮಾಡುತ್ತಾನೆ, ಆದರೆ ಮಾಡುತ್ತಾನೆ. ಒಳಗಿಂದ ತಾಯಿ ಮಗನ ಜಗಳ ಕೇರಿಗೆಲ್ಲ ಕೇಳಿಸುತ್ತದೆ.

ಇಕುಯೊಳ ಸಿಟ್ಟು ಅದರಿಂದ ಆರಿತೇ ಎಂದರೆ, ಇಲ್ಲ. ಒಂದು ಮಧ್ಯಾಹ್ನ ಅವಳು ಹೊಸ ಬಚ್ಚಲು ತೊಳೆಯಲು ಹೋದಳು. ಬಟ್ಟೆಯಿಂದ ಎರಡು ಸಲ ಒರೆಸುವಷ್ಟರಲ್ಲಿ ಕೆಲಸ ಮುಗಿದುಹೋಯಿತು. ಅವಳು ಆ ಬೆಳ್ಳನೆಯ ಜಗುಲಿಯ ಮೇಲೆ ಕೂತಳು. ಇದು ಇಷ್ಟು ಸುಲಭವಾಗಿತ್ತೇ? ಒಂದು ನುಣ್ಣನೆಯ ಗೋಡೆ, ಒಂದು ತಗ್ಗಿನ ಅಂಚು, ಇಷ್ಟೇ ಏನು? ಹಾಗಾದರೆ ಆ ಮಂಡಿ, ಆ ಬೆನ್ನು, ಆ ವರ್ಷಗಳು? ಅವಳಿಗೆ ಕಿರುಚಬೇಕೆನ್ನಿಸಿತು, ಕಿರುಚಿದಳು. ಹೊರಗೆ ಕುನಿಮಸ, "ಏನಾಯ್ತೇ? ಬಿದ್ಯಾ?" ಎಂದು ಓಡಿ ಬಂದ. ಈ ಸಲ ಅವನು ನೆಲ ನೋಡಲಿಲ್ಲ, ಅವಳನ್ನೇ ನೋಡಿದ.

"ಬಿದ್ದಿಲ್ಲ," ಎಂದಳು. "ಬಾಗಿಲು ಹಾಕ್ಕೊಂಡು ಹೋಗಿ."

ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಚ್ಚಲು ನೋಡಿಹೋದರು. ಜಗುಲಿಯ ಮೇಲೆ ಕೂತು ನೋಡಿದರು, ಹಿಡಿಕೆ ಎಳೆದು ನೋಡಿದರು, ಕೊಕ್ಕರೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಕರೆಗಳು ಬರತೊಡಗಿದವು: ನಮ್ಮನೆಗೂ ಗುತ್ತಿಗೆದಾರರು ಬರ್ತಿದಾರೆ, ನೀನೂ ಸ್ವಲ್ಪ ಬಂದು ಕೂತ್ಕೊಳ್ತೀಯಾ? ಇಕುಯೊ ಹೋಗುತ್ತಾಳೆ. ಬಾಗಿಲ ಬಳಿ ಕೂರುವುದಿಲ್ಲ, ಮೇಜಿಗೇ ಕೂರುತ್ತಾಳೆ. ಎರಡು ಮನೆಗಳಲ್ಲಿ ಅವಳನ್ನು ಮರ್ಯಾದೆಯಿಂದಲೇ ಹೊರಗೆ ಕಳಿಸಿದ್ದಾರೆ. ಒಂದು ಮನೆಯಲ್ಲಿ ಮರ್ಯಾದೆಯೂ ಇರಲಿಲ್ಲ.

ಹೋದ ತಿಂಗಳು ಹಾತ್ಸುಮಿ ದಂಪತಿಯ ಜೊತೆ ಅವಳು ತೊಟ್ಟಿಗಳ ಮಳಿಗೆಗೆ ಹೋಗಿದ್ದಳು. ಹಾತ್ಸುಮಿಯ ಗಂಡ ಅಲ್ಲಿದ್ದುದರಲ್ಲೇ ಎಲ್ಲಕ್ಕಿಂತ ಆಳದ ಮರದ ತೊಟ್ಟಿಯ ಮುಂದೆ ನಿಂತುಬಿಟ್ಟ. ಘಮಘಮ ಎನ್ನುವ ಹಿನೋಕಿ ಮರ. ಹಾತ್ಸುಮಿ, ಎತ್ತರ ಜಾಸ್ತಿ ಆಯ್ತೇನೋ ಎಂದು ಮೆಲ್ಲಗೆ ಅಂದಳು. ಅವನಿಗೆ ಕೇಳಿಸಲಿಲ್ಲ.

"ಇಳಿದು ನೋಡಿ," ಎಂದಳು ಇಕುಯೊ.

"ಇಲ್ಲೇ? ಬಟ್ಟೆ ಹಾಕ್ಕೊಂಡೇ?"

"ನೀರಿಲ್ವಲ್ಲ. ಇಳೀರಿ."

ಅವನು ಬೂಟು ಬಿಚ್ಚಿ, ಅಂಗಡಿಯವರಿಗೆ ಸಂಕೋಚದಿಂದ ತಲೆಬಾಗಿ, ಕಾಲುಚೀಲದಲ್ಲೇ ಇಳಿದು ಕೂತ. ಕೂತವನ ತಲೆ ಮಾತ್ರ ಮೇಲೆ ಕಾಣುತ್ತಿತ್ತು. ಸುಖವಾಗಿದೆ ಎಂದ.

"ಈಗ ನಿಮಗೆ ಎಂಬತ್ತೈದು ವರ್ಷ ಅಂದ್ಕೊಳ್ಳಿ. ಕಾಲು ಬರಲ್ಲ. ಕೈ ಬಿಡಿ, ಅಂಚು ಹಿಡೀಬೇಡಿ." ಇಕುಯೊ ಹಾತ್ಸುಮಿಯ ಕಡೆ ತಿರುಗಿದಳು. "ಎತ್ತು ಇವರನ್ನ."

ಹಾತ್ಸುಮಿ ಕೈಚೀಲ ಕೆಳಗಿಟ್ಟು ಬಗ್ಗಿದಳು. ಗಂಡನ ಕಂಕುಳಿಗೆ ಕೈ ಹಾಕಿದಳು. ಎಳೆದಳು, ಮತ್ತೆ ಎಳೆದಳು, ಮುಖ ಕೆಂಪಾಯಿತು. ಅವನು ಮೊದಲು ನಗುತ್ತಿದ್ದ. ಆಮೇಲೆ ನಗುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡತೊಡಗಿದ. ಮಳಿಗೆಯ ಹುಡುಗಿಯೊಬ್ಬಳು ಓಡಿ ಬಂದು, "ಸಹಾಯ ಮಾಡ್ಲಾ ಅಮ್ಮಾ?" ಎಂದಳು.

"ಬೇಡ," ಎಂದಳು ಇಕುಯೊ ಗಟ್ಟಿಯಾಗಿ, ಮಳಿಗೆಯ ತುಂಬ ಕೇಳಿಸುವ ಹಾಗೆ. "ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರ್ಲಿ."